ಕಿವಿಯೊಳಗೆ ಗುಂಯ್ ಅನ್ನುತ್ತಿದೆಯಾ? ಹೀಗೆ ಮಾಡಿ

ಎರಡು ವರ್ಷದ ಹಿಂದೆ ಒಂದು ರಾತ್ರಿ, ಫ್ರಿಜ್ ಕೆಟ್ಟಿದೆ ಅಂದುಕೊಂಡು ಎದ್ದು ಅದರ ಸ್ವಿಚ್ ಆರಿಸಿದೆ. ಸದ್ದು ನಿಲ್ಲಲಿಲ್ಲ. ಇನ್ವರ್ಟರ್ ಆರಿಸಿದೆ, ಕೊನೆಗೆ ಮೇನ್ ಸ್ವಿಚ್ಚನ್ನೇ ಇಳಿಸಿದೆ. ಕತ್ತಲಲ್ಲಿ ಅವ್ವ "ಏನ್ ಹುಡುಕಾಕ್ಹತ್ತೀಯೋ?" ಅಂದಳು. ಜೀರುಂಡೆಯಂಥ ಆ ಸದ್ದು ಕೂತಿದ್ದು ನನ್ನ ಕಿವಿಯೊಳಗೆ.

ಡಾಕ್ಟರ್‌ಗಳು ಇದಕ್ಕೆ ಟಿನಿಟಸ್ ಅನ್ನುತ್ತಾರೆ. ಇದು ರೋಗವಲ್ಲ, ಬೇರೆ ಯಾವುದೋ ತೊಂದರೆಯ ಲಕ್ಷಣ. ಒಳಕಿವಿಯಲ್ಲಿ ಕೂದಲಿನಂಥ ಸಣ್ಣ ಜೀವಕೋಶಗಳಿವೆ. ವಯಸ್ಸಿಗೋ ಜೋರು ಸದ್ದಿಗೋ ಅವು ಹಾಳಾದರೆ ಮತ್ತೆ ಬೆಳೆಯುವುದಿಲ್ಲ. ಸ್ಟೇಷನ್ ಸರಿಯಾಗಿ ಸಿಗದಾಗ ನಾವು ರೇಡಿಯೊ ವಾಲ್ಯೂಮ್ ಏರಿಸುತ್ತೇವಲ್ಲ, ಮೆದುಳೂ ಹಾಗೇ ಏರಿಸುತ್ತದೆ, ಆಗ ಕೇಳುವುದು ಬರೀ ಗೊರಗೊರ.

ಕೆಲವು ಸಲ ಮಾತ್ರ ಕಾಯಲೇಬೇಡಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅದೇ ದಿನ ಹೋಗಿ, ಸ್ಟೆರಾಯ್ಡ್ ಬೇಗ ಶುರುವಾದಷ್ಟೂ ಕೇಳಿಸುವ ಶಕ್ತಿ ಮರಳುವ ಆಸೆ ಜಾಸ್ತಿ. ಸದ್ದು ಎದೆಬಡಿತದ ಲಯದಲ್ಲಿದ್ದರೆ, ಒಂದೇ ಕಿವಿಯಲ್ಲಿದ್ದರೆ, ಜೊತೆಗೆ ತಲೆಸುತ್ತು ಬಂದರೆ ಕೂಡ ತೋರಿಸಬೇಕು. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಧಾರವಾಡದ ಎಸ್‌ಡಿಎಂ, ಗದಗದ ಜಿಮ್ಸ್ ಆಸ್ಪತ್ರೆಗಳಲ್ಲೆಲ್ಲ ಕಿವಿ-ಮೂಗು-ಗಂಟಲು ನೋಡುವ ಇಎನ್‌ಟಿ ವಿಭಾಗ ಇದೆ.

ಅಂಥದ್ದೇನೂ ಇಲ್ಲವಾ? ಹಾಗಾದರೆ ಮೊದಲು ಗುಗ್ಗೆ ನೋಡಿಸಿ. ಎಷ್ಟೋ ಸಲ ಅಷ್ಟೇ ಇರುತ್ತದೆ. ಗಾಡಿ ಕೀ, ಕಡ್ಡಿ, ಬಡ್ಸ್ ಯಾವುದನ್ನೂ ಹಾಕಬೇಡಿ, ಗುಗ್ಗೆ ಇನ್ನೂ ಒಳಗೆ ಹೋಗುತ್ತದೆ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಒಗ್ಗರಣೆಗೆ ಇರಲಿ.

ಆಮೇಲೆ ಆಡಿಯೊಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ನೋಡುವ ಪರೀಕ್ಷೆ. ನಾನು ಮೊದಲು ಹೋದ ಡಾಕ್ಟರ್ ಅರ್ಧ ನಿಮಿಷ ನೋಡಿ "ವಯಸ್ಸಾಯ್ತಲ್ಲ" ಅಂತ ವಿಟಮಿನ್ ಬರೆದು ಕಳಿಸಿದ್ದರು, ಈ ಪರೀಕ್ಷೆಯ ಹೆಸರೂ ಎತ್ತಲಿಲ್ಲ. ಎರಡನೆಯವರು ಮಾಡಿಸಿದರು. ಸಣ್ಣ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿ, ಬೀಪ್ ಕೇಳಿದಾಗ ಬಟನ್ ಒತ್ತಿ ಅಂದರು. ಮಷಿನ್ನಿನ ಬೀಪ್ ಯಾವುದು, ನನ್ನದೇ ಯಾವುದು ಗೊತ್ತಾಗದೆ ಸುಮ್ನೆ ಒತ್ತುತ್ತಾ ಹೋದೆ! ಅವರು ನಕ್ಕು, ಬಿಟ್ಟು ಬಿಟ್ಟು ಬರುವ ಬೀಪ್ ಹಾಕಿದರು. ಸಣ್ಣ ಕೀಚು ಸದ್ದುಗಳು ನನಗೆ ಕಡಿಮೆ ಕೇಳುತ್ತಿದ್ದವು. ಹೀಗಿದ್ದವರಿಗೆ ಕಿವಿ ಮಷಿನ್ ಹಾಕಿದರೆ ಗುಂಯ್ ಕೂಡ ತಗ್ಗುವುದುಂಟು.

ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. ಜಾಸ್ತಿ ಡೋಸಿನ ಆಸ್ಪಿರಿನ್, ಕ್ವಿನೈನ್, ಕೆಲವು ಆಂಟಿಬಯಾಟಿಕ್ ಇಂಜೆಕ್ಷನ್‌ಗಳು ಇದನ್ನು ತರುತ್ತವೆ. ನೀವೇ ನಿಲ್ಲಿಸಬೇಡಿ, ಕೇಳಿ. ಇದನ್ನು ಪೂರ್ತಿ ವಾಸಿ ಮಾಡುವ ಮಾತ್ರೆ ಅಂತ ಯಾವುದೂ ಸಾಬೀತಾಗಿಲ್ಲ, ಜಾಹೀರಾತು ಏನೇ ಹೇಳಲಿ.

ಇನ್ನು ರಾತ್ರಿ. ನಿಶ್ಶಬ್ದವೇ ಇದರ ಗೊಬ್ಬರ. ಫ್ಯಾನ್ ಹಾಕಿ, ಇಲ್ಲವೇ ಮೊಬೈಲಿನಲ್ಲಿ ಮಳೆಯ ಸದ್ದು. ಆದರೆ ಗುಂಯ್ ಪೂರ್ತಿ ಮುಚ್ಚುವಷ್ಟು ಜೋರು ಬೇಡ, ಅದಕ್ಕಿಂತ ಒಂದು ಕೂದಲು ಕಡಿಮೆ ಇರಲಿ. ಎರಡೂ ಒಟ್ಟಿಗೆ ಕೇಳುತ್ತಿದ್ದರೆ ಮೆದುಳಿಗೆ ರೂಢಿಯಾಗುತ್ತದೆ. ರೈಲು ಹಳಿ ಪಕ್ಕದ ಮನೆಯವರನ್ನು ಕೇಳಿ ನೋಡಿ, ರಾತ್ರಿ ಎಷ್ಟು ಗಾಡಿ ಹೋದವು ಅಂತ ಅವರಿಗೆ ಗೊತ್ತೇ ಇರುವುದಿಲ್ಲ, ನೆಂಟರಿಗೆ ಮಾತ್ರ ನಿದ್ದೆ ಇಲ್ಲ, ಅಲ್ವಾ? ಅದಕ್ಕೇ "ಈಗ ಇದೆಯಾ?" ಅಂತ ಮತ್ತೆ ಮತ್ತೆ ಕಿವಿಗೊಟ್ಟು ನೋಡುವುದನ್ನು ಬಿಡಿ. ನನಗೆ ಕಷ್ಟವಾಗಿದ್ದು ಇದೊಂದೇ, ಆರು ತಿಂಗಳು ಹಿಡಿಯಿತು. ನಿದ್ದೆಗೆಟ್ಟು ಮನಸ್ಸು ಕುಗ್ಗಿದರೆ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ನಿಜಕ್ಕೂ ಉಪಯೋಗ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನೂ ಉಳಿದಿರುವ ಕೇಳುವ ಶಕ್ತಿಯನ್ನು ಕಾಯ್ದುಕೊಳ್ಳಿ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, 100 ಆದರೆ 15 ನಿಮಿಷ ಅಷ್ಟೇ. ಬೆಟಗೇರಿಯ ಮಗ್ಗದ ಶೆಡ್ಡಿರಲಿ, ಗಣಪತಿ ಕಳಿಸುವಾಗಿನ ಡಿಜೆ ಇರಲಿ, ಫೋಮಿನ ಇಯರ್‌ಪ್ಲಗ್ ಜೇಬಿನಲ್ಲಿರಲಿ. ಬೆರಳಲ್ಲಿ ಬತ್ತಿಯ ಹಾಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಎಳೆದು ತೂರಿಸಿ, ಉಬ್ಬುವವರೆಗೆ ಒತ್ತಿ ಹಿಡಿಯಿರಿ. ಮನೆಗೆ ಬಂದ ಕೂಡಲೇ ತೆಗೆಯಿರಿ. ಶಾಂತವಿರುವಲ್ಲಿ ಹಾಕಿಕೊಂಡು ಕೂತರೆ ಜೀರುಂಡೆ ಮತ್ತೆ ಶುರು.