ಕಂತು ಮುಗಿದಿತ್ತು, ಮನೆ ನಮ್ಮದಾಗಿರಲಿಲ್ಲ

ಕಾರವಾರದಲ್ಲಿ ಅಪ್ಪನಿಗೆ ಹೌಸಿಂಗ್ ಬೋರ್ಡಿನ ಎಲ್‌ಐಜಿ ಮನೆ, ಅಂದರೆ ಕಡಿಮೆ ಆದಾಯದವರಿಗೆ ಕಟ್ಟಿದ ಮನೆ, ಸಿಕ್ಕಿತ್ತು. ಗುಮಾಸ್ತನ ಸಂಬಳದಲ್ಲೇ ತಿಂಗಳು ತಿಂಗಳು ಕಂತು ಕಟ್ಟಿ ತೀರಿಸಿದ್ದ. ಅಪ್ಪ ಹೋದ ಮೇಲೆ ಮಾರೋಣ ಅಂತ ಅಮ್ಮ, ಅಕ್ಕ, ನಾನು ಮಾತಾಡಿಕೊಂಡೆವು. ಗಿರಾಕಿಯೂ ಸಿಕ್ಕ. ಅವನ ಹತ್ತಿರ ಒಂದು ಲಕ್ಷ ಅಡ್ವಾನ್ಸ್ ತಗೊಂಡೆ. ಅದೇ ನಾನು ಮಾಡಿದ ದಡ್ಡತನ.

ಗಿರಾಕಿಗೆ ಸಾಲ ಕೊಡುವ ಬ್ಯಾಂಕಿನ ವಕೀಲರು ಕಾಗದಗಳನ್ನು ತಿರುವಿ ಹಾಕಿ ಕೇಳಿದ್ದು ಒಂದೇ: “ಕ್ರಯಪತ್ರ ಎಲ್ಲಿ?” ನಮ್ಮಲ್ಲಿ ಇದ್ದದ್ದು ಲೀಸ್ ಕಮ್ ಸೇಲ್ ಕರಾರು. ಅಂದರೆ ಕಂತು ತೀರಿ, ಕರಾರಿನ ಅವಧಿ ಮುಗಿದು, ಮಂಡಳಿಯಿಂದ ಕ್ರಯಪತ್ರ ನೋಂದಣಿ ಮಾಡಿಸಿಕೊಳ್ಳುವ ತನಕ ನಾವು ಲೆಕ್ಕಕ್ಕೆ ಬಾಡಿಗೆದಾರರೇ. ಮನೆ ತೆರಿಗೆ, ಕರೆಂಟ್ ಬಿಲ್ಲು ಎಲ್ಲ ಅಪ್ಪನ ಹೆಸರಲ್ಲೇ ಬರ್ತಿತ್ತು, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಅವಧಿ ಮುಗಿಯುವ ಮೊದಲು ಮಾರುವ ಹಾಗಿಲ್ಲ ಅಂತ ಕರಾರಿನಲ್ಲೇ ಇದೆ. ಕಡಿಮೆ ಸಂಬಳದವರಿಗೆ ಕೊಟ್ಟ ಮನೆ ಮರುದಿನವೇ ದುಡ್ಡಿದ್ದವರ ಪಾಲಾಗಬಾರದಲ್ವಾ, ಷರತ್ತು ಸರಿಯೇ ಇದೆ. ನಮ್ಮ ಅವಧಿ ಯಾವತ್ತೋ ಮುಗಿದಿತ್ತು, ಪತ್ರ ಮಾಡಿಸಿಕೊಳ್ಳದೆ ಸುಮ್ನೆ ಕೂತಿದ್ದೆವು ಅಷ್ಟೇ.

ಕ್ರಯಪತ್ರಕ್ಕೆ ಮೊದಲು ಮಂಡಳಿಯಿಂದ ಬಾಕಿ ಇಲ್ಲ ಅನ್ನುವ ಪ್ರಮಾಣಪತ್ರ, ಅದಕ್ಕೆ ಕಂತು ಕಟ್ಟಿದ ಹಳೇ ಚಲನ್‌ಗಳು ಬೇಕಾದವು. ಅಟ್ಟದ ಟ್ರಂಕಿನಲ್ಲಿ ಇದ್ದವು, ಆದರೆ ನಮ್ಮ ಕಡೆ ಮಳೆಗಾಲದ ಥಂಡಿ ಗೊತ್ತಲ್ಲ, ಅಷ್ಟೂ ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು. ಅಕ್ಕ ಪೇಪರ್ ಹಾಸಿಕೊಂಡು ಚಾಕುವಿನ ಮೊಂಡು ಬದಿಯಿಂದ ಒಂದೊಂದೇ ಬಿಡಿಸಿ ಫ್ಯಾನಿನ ಕೆಳಗೆ ಒಣಗಿಸಿದಳು. ಮೂರರಲ್ಲಿ ಬ್ಯಾಂಕಿನ ಮೊಹರು ಮಾತ್ರ ಉಳಿದಿತ್ತು, ಮೊತ್ತ ಅಳಿಸಿಹೋಗಿತ್ತು. “ತಮ್ಮಾ, ಅಪ್ಪನ ಡೈರಿ ನೋಡೋ” ಅಂದಳು. ಡೈರಿಯಲ್ಲಿ ಹಾಲಿನ ಲೆಕ್ಕದ ಪಕ್ಕವೇ ಕಂತಿನ ತಾರೀಕೂ ಇತ್ತು. ಆ ತಾರೀಕು ಹಿಡಿದು ಮಂಡಳಿ ಕಚೇರಿಯ ಲೆಡ್ಜರಿನಲ್ಲಿ ಹುಡುಕಿಸಿದೆವು, ಮೂರೂ ಸಿಕ್ಕವು.

ಆಮೇಲಿನದು ಬರೀ ಓಡಾಟ. ಅಪ್ಪನ ಮರಣ ಪ್ರಮಾಣಪತ್ರ, ವಂಶಾವಳಿ, ಅಮ್ಮ ಮತ್ತು ಅಕ್ಕನ ಒಪ್ಪಿಗೆ. ಮೊದಲು ಕ್ರಯಪತ್ರ ನಮ್ಮ ಹೆಸರಿಗೆ, ನಂತರ ನಗರಸಭೆಯಲ್ಲಿ ಖಾತೆ. 2024ರ ಅಕ್ಟೋಬರ್‌ನಿಂದ ಇ-ಖಾತಾ, ಅಂದರೆ ಖಾತೆಯ ಆನ್‌ಲೈನ್ ದಾಖಲೆ, ಇಲ್ಲದೆ ಮಾರಾಟದ ನೋಂದಣಿಯೇ ಇಲ್ಲ, ಅದಕ್ಕೂ ಕಾದೆವು. ಈ ಸರಣಿಯಲ್ಲಿ ಒಂದನ್ನು ಹಿಂದೆ ಮುಂದೆ ಮಾಡಿದರೂ ಮತ್ತೆ ಮೊದಲಿನಿಂದ ಸುತ್ತಬೇಕು.

ಅಷ್ಟರಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿತು. ಗಿರಾಕಿಯ ಮುಖ ಸಣ್ಣದಾಯ್ತು. ತಡವಾದದ್ದು ನಮ್ಮಿಂದಲೇ, ಹಾಗಾಗಿ ಜಾಸ್ತಿಯಾದ ಒಂದು ಪರ್ಸೆಂಟನ್ನು ಮನೆ ಬೆಲೆಯಲ್ಲಿ ಮುರಿದುಕೊಟ್ಟೆ. ನನ್ನ ಪಾಲಿನದ್ದರಲ್ಲಿ, ಅಕ್ಕನದ್ದರಲ್ಲಿ ಅಲ್ಲ.