ಜೇಸನ್ ವ್ಯೂಗೆ ಟೆಸ್ಟ್ ಬರೆಯುವುದು ಹೇಗೆ?

ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೊದಲ್ಲಿ ಜೇಸನ್ (JSON, ಡೇಟಾ ಸಾಗಿಸುವ ಪಠ್ಯ ರೂಪ) ಕಳಿಸುವ ವ್ಯೂ, ಅಂದರೆ ಕೋರಿಕೆಗೆ ಉತ್ತರ ಕೊಡುವ ಕೋಡ್, ಬರೆದಿದ್ದೀರಿ ಅಂದಮೇಲೆ ಅದು ಸರಿಯಿದೆಯಾ ಅಂತ ನೋಡುವ ಒಂದು ಯುನಿಟ್ ಟೆಸ್ಟ್ ಬೇಕೇ ಬೇಕು. ಹೊಸಬರು ಬರೆದ ಟೆಸ್ಟ್‌ಗಳನ್ನು ದಿನಾ ನೋಡುತ್ತಿರುತ್ತೇನೆ. ಎಲ್ಲರೂ ಎಡವುವುದು ಬಂದ ಉತ್ತರವನ್ನು ಹೋಲಿಸುವ ಜಾಗದಲ್ಲೇ.

ಮೊದಲು ಟೆಸ್ಟ್‌ಕೇಸ್ ಕ್ಲಾಸ್ ಬರೆಯಿರಿ, ಒಂದೆರಡು ದಾಖಲೆ ಸೇರಿಸಿ, ಬ್ರೌಸರ್ ಥರ ಕೋರಿಕೆ ಕಳಿಸುವ ಟೆಸ್ಟ್ ಕ್ಲೈಂಟ್‌ನಿಂದ ಗೆಟ್ ಕಳಿಸಿ. ಯುಆರ್‌ಎಲ್ ಕೈಯಾರೆ ಟೈಪ್ ಮಾಡಬೇಡಿ, ವ್ಯೂನ ಹೆಸರಿನಿಂದ ಯುಆರ್‌ಎಲ್ ಕೊಡುವ ರಿವರ್ಸ್ ಬಳಸಿ.

ಆಮೇಲೆ ಸ್ಟೇಟಸ್ ಕೋಡ್ ನೋಡಿ. ಲಾಗಿನ್ ಬೇಕಾದ ವ್ಯೂಗೆ ಲಾಗಿನ್ ಆಗದೆ ಹೋದರೆ 200ರ (ಎಲ್ಲ ಸರಿ) ಬದಲು 302 (ಬೇರೆ ಪುಟಕ್ಕೆ ಹೋಗಿ) ಬಂದಿರುತ್ತದೆ. ಅದನ್ನು ನೋಡದೆ ಜೇಸನ್ ಬಿಚ್ಚಲು ಹೋದರೆ ಬರುವ ವ್ಯಾಲ್ಯೂಎರರ್ ನಿಮ್ಮನ್ನು ಎಲ್ಲೆಲ್ಲೋ ಅಲೆಸುತ್ತದೆ.

ಈಗ ಹೋಲಿಕೆ. ರೆಸ್ಪಾನ್ಸ್‌ನ ಕಂಟೆಂಟ್ ಬರೀ ಬೈಟ್ಸ್. ಅದರಲ್ಲಿ 'ಮೈಸೂರು' ಇದೆಯಾ ಅಂತ ಹುಡುಕಿದರೆ, ವ್ಯೂ ಸರಿಯಾಗಿದ್ದರೂ ಸಿಗುವುದಿಲ್ಲ. ಪೈಥಾನ್ ತಾನಾಗಿ ಕನ್ನಡ ಅಕ್ಷರಗಳನ್ನು ಹಾಗೇ ಬರೆಯುವುದಿಲ್ಲ. 'ಮ' ಅನ್ನುವುದು ಬ್ಯಾಕ್‌ಸ್ಲ್ಯಾಶ್ ಯು 0ಸಿಎಇ ಆಗಿ ಕೂತಿರುತ್ತದೆ. ಆಗ ಕೆಲವರು ಆ ಉತ್ತರವನ್ನೇ ಕಾಪಿ ಮಾಡಿ ಟೆಸ್ಟಿಗೆ ಅಂಟಿಸಿಬಿಡುತ್ತಾರೆ. ನಾಳೆ ಯಾರೋ ಕೀಗಳ ಕ್ರಮ ಬದಲಿಸಿದರೆ ಸಾಕು, ಟೆಸ್ಟ್ ಫೇಲ್. ಈ ಕಷ್ಟ ಯಾಕೆ? ಜ್ಯಾಂಗೊ 1.9ರಿಂದ ಟೆಸ್ಟ್ ಕ್ಲೈಂಟ್ ಕೊಡುವ ರೆಸ್ಪಾನ್ಸ್‌ನಲ್ಲೇ ಜೇಸನ್ ಎಂಬ ಮೆಥಡ್ ಇದೆ. ಕರೆದರೆ ಡಿಕ್ಷನರಿ ಕೈಗೆ ಬರುತ್ತದೆ, ಅದನ್ನು ಬರಬೇಕಾದ ಉತ್ತರದ ಜೊತೆ ಅಸರ್ಟ್‌ಈಕ್ವಲ್‌ಗೆ ಕೊಡಿ.

ಅಲ್ಲೂ ಟೈಪ್ ಮೇಲೆ ಕಣ್ಣಿರಲಿ. ಬೆಲೆ ಡೆಸಿಮಲ್ ಫೀಲ್ಡ್‌ನಲ್ಲಿದ್ದರೆ, ಉತ್ತರವನ್ನು ಜೇಸನ್ ಮಾಡಿ ಕಳಿಸುವ ಜ್ಯಾಂಗೊದ ಜೇಸನ್‌ರೆಸ್ಪಾನ್ಸ್ ದಾಟಿದ ಮೇಲೆ '49.50' ಎಂಬ ಸ್ಟ್ರಿಂಗ್ ಆಗಿರುತ್ತದೆ. ಟ್ಯೂಪಲ್ ಲಿಸ್ಟ್ ಆಗಿರುತ್ತದೆ, ಕೀ 7 ಇದ್ದದ್ದು '7' ಆಗಿರುತ್ತದೆ. ಸಮಯದಲ್ಲಿ ಮೈಕ್ರೋಸೆಕೆಂಡಿನ ಕೊನೆಯ ಮೂರು ಅಂಕಿ ಮಾಯ.

ಬರಬೇಕಾದ ಉತ್ತರವನ್ನು ಕೈಯಿಂದಲೇ ಬರೆಯಿರಿ. ವ್ಯೂ ಬಳಸುವ ಫಂಕ್ಷನ್‌ನಿಂದಲೇ ಅದನ್ನೂ ತಯಾರಿಸಿದರೆ ತಪ್ಪು ಎರಡೂ ಕಡೆ ಒಂದೇ ಥರ ಇರುತ್ತದೆ, ಟೆಸ್ಟ್ ಸುಮ್ನೆ ಪಾಸಾಗುತ್ತದೆ ಅಲ್ವಾ? ಇಡೀ ಉತ್ತರವನ್ನು ಫೈಲಿನಲ್ಲಿಟ್ಟು ಹೋಲಿಸುವ ಸ್ನ್ಯಾಪ್‌ಶಾಟ್ ಪ್ಯಾಕೇಜುಗಳೂ ಬೇಡ. ಫೇಲ್ ಆದ ಕೂಡಲೇ ಜನ ಓದದೆಯೇ ಅಪ್‌ಡೇಟ್ ಕೊಟ್ಟುಬಿಡುತ್ತಾರೆ.

ಡೇಟಾ ಕಳಿಸುವ ಪೋಸ್ಟ್ ಕೋರಿಕೆ ಆದರೆ ಕಂಟೆಂಟ್ ಟೈಪ್ ಅಪ್ಲಿಕೇಶನ್/ಜೇಸನ್ ಅಂತ ಹೇಳಿ, ಇಲ್ಲದಿದ್ದರೆ ಕ್ಲೈಂಟ್ ಅದನ್ನು ಮಲ್ಟಿಪಾರ್ಟ್ ಫಾರ್ಮ್ ಮಾಡಿ ಕಳಿಸುತ್ತದೆ. ಜ್ಯಾಂಗೊ 2.1ರಿಂದ ಡಿಕ್ಷನರಿ ಕೊಟ್ಟರೆ ಸಾಕು, ಅದನ್ನು ಜೇಸನ್ ಪಠ್ಯ ಮಾಡುವ ಡಂಪ್ಸ್ ಬೇಕಿಲ್ಲ. ತಪ್ಪು ಡೇಟಾವನ್ನೂ ಒಮ್ಮೆ ಕಳಿಸಿ. 400 (ತಪ್ಪು ಕೋರಿಕೆ) ಬಂದರೆ ಸಾಲದು, ಎರರ್ ಸಂದೇಶವೂ ಜೇಸನ್‌ನಲ್ಲೇ ಇರಬೇಕು. ಎಚ್‌ಟಿಎಂಎಲ್ ಪುಟ ಬಂದರೆ ಆಚೆ ಕಡೆಯ ಮೊಬೈಲ್ ಆ್ಯಪ್‌ಗೆ ಅದನ್ನು ಓದಲಾಗುವುದಿಲ್ಲ.