ಕರಟದಿಂದ ಸೋಡಿಯಂ ಬ್ಯಾಟರಿಗೆ ಆನೋಡ್: ನನ್ನ ಅನುಭವ

ತೆಂಗಿನ ಕರಟ ಸುಟ್ಟು ಮಾಡಿದ ಹಾರ್ಡ್ ಕಾರ್ಬನ್ (ಗ್ರಾಫೈಟಿನಂತೆ ಪದರ ಜೋಡಣೆಯಾಗದ ಇಂಗಾಲ) ಆನೋಡ್, ಅಂದರೆ ಬ್ಯಾಟರಿಯ ಋಣ ಧ್ರುವ ಆದಾಗ, ಮೊದಲ ಚಾರ್ಜಿನಲ್ಲೇ ಅರ್ಧ ಸೋಡಿಯಂ ನುಂಗಿಹಾಕುತ್ತದೆ ಎಂದವರೇ ಹೆಚ್ಚು. ತೊಳೆಯದೆ ಸುಟ್ಟರೆ ಅದು ನಿಜವೂ ಹೌದು. ಈಗ ನನ್ನ ಕಾಯಿನ್ ಸೆಲ್‌ಗಳು (ನಾಣ್ಯದಾಕಾರದ ಪರೀಕ್ಷಾ ಸೆಲ್) ಕಾರ್ಬನ್‌ನ ಗ್ರಾಂಗೆ 300 ಎಂಎಎಚ್ (ಮಿಲಿಆಂಪಿಯರ್-ಗಂಟೆ) ಆಸುಪಾಸು ಕೊಡುತ್ತಿವೆ. ಮೊದಲ ಸೈಕಲ್ ದಕ್ಷತೆ, ಅಂದರೆ ಒಳಹೋದ ಸೋಡಿಯಂನಲ್ಲಿ ಮರಳಿ ಬರುವ ಪಾಲು, ಶೇ. 85ರ ಹತ್ತಿರ.

ತಿಪಟೂರಿನ ಕೊಬ್ಬರಿ ಕರಟ ಹೆಚ್ಚುಕಡಿಮೆ ಪುಕ್ಕಟೆ. ಅಂಟಿದ ನಾರನ್ನು ಪೂರ್ತಿ ಹೆರೆಯಬೇಕು, ಪೊಟ್ಯಾಸಿಯಂ ಅದರಲ್ಲಿ ಜಾಸ್ತಿ. ಗಾಳಿ ತಾಗದಂತೆ ಆರ್ಗಾನ್ ಅನಿಲದಲ್ಲಿ 500 ಡಿಗ್ರಿಗೆ ಎರಡು ಗಂಟೆ ಸುಟ್ಟು, ಅರೆದು, 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿಯಲ್ಲಿ ರಾತ್ರಿಯಿಡೀ ಕಲಕಲು ಬಿಡುತ್ತೇನೆ. ಆಮೇಲೆ ಆಮ್ಲದ ಸುಳಿವಿಲ್ಲದಷ್ಟು ತೊಳೆಯುವುದು. ಇಲ್ಲಿ ಪೊಟ್ಯಾಸಿಯಂ ಉಳಿದರೆ ಮುಂದಿನ ಕಾವಿನಲ್ಲಿ ಅದು ಇಂಗಾಲವನ್ನು ಕೊರೆದು ರಂಧ್ರ ಮಾಡುತ್ತದೆ. ಮೇಲ್ಮೈ ಹೆಚ್ಚಿದಷ್ಟೂ ಎಲೆಕ್ಟ್ರೋಲೈಟ್ (ಸೋಡಿಯಂ ಅಯಾನು ಸಾಗಿಸುವ ದ್ರವ) ಅಲ್ಲಿ ಒಡೆದು ಪೊರೆ ಕಟ್ಟುತ್ತದೆ, ಸೋಡಿಯಂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಕೊನೆಯ ಸುಡುವಿಕೆ ಮುಗಿದ ಮೇಲೆ ತೊಳೆದರೆ ಬೂದಿ ಹೋದೀತು, ರಂಧ್ರ ಹೋಗದು.

ಎರಡನೇ ಸುಡುವಿಕೆ 1300 ಡಿಗ್ರಿಗೆ, ಎರಡು ಗಂಟೆ. ಕ್ವಾರ್ಟ್ಸ್ ಕೊಳವೆ ಈ ಕಾವಿಗೆ ಆಗದು, ಅಲ್ಯುಮಿನಾ ಬೇಕು. ಏರಿಸುವಾಗಲಾಗಲಿ ಇಳಿಸುವಾಗಲಾಗಲಿ ನಿಮಿಷಕ್ಕೆ 5 ಡಿಗ್ರಿ ಮೀರಿದರೆ ಅದು ಬಿರುಕು ಬಿಡುತ್ತದೆ, ಹತ್ತಿಪ್ಪತ್ತು ಸಾವಿರ ನೀರುಪಾಲು. 1000 ದಾಟಿದ ಮೇಲೆ ನಾನು ಎಲ್ಲಿ, ಎಷ್ಟು ಹೊತ್ತು ನಿಲ್ಲಿಸುತ್ತೇನೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ನೂರು ಗ್ರಾಂ ಕರಟಕ್ಕೆ ಕೊನೆಗೆ ಕೈಗೆ ಸಿಗುವುದು ಇಪ್ಪತ್ತೈದು ಗ್ರಾಂ ಒಳಗೇ.

ಅಡಿಕೆ ಸಿಪ್ಪೆಯನ್ನೂ ಸುಟ್ಟು ನೋಡಿದ್ದಾಯಿತು. ಪುಡಿ ಹತ್ತಿಯಂತೆ ಹಗುರ; ಲೋಹದ ಹಾಳೆಗೆ ಬಳಿಯುವ ಸ್ಲರಿ (ಪುಡಿ ಕಲಸಿದ ಲೇಪ) ಎಷ್ಟು ದಪ್ಪ ಎಳೆದರೂ ಲೋಡಿಂಗ್ (ಹಾಳೆಯ ಅಷ್ಟು ಜಾಗದಲ್ಲಿ ಕೂರುವ ಕಾರ್ಬನ್ ತೂಕ) ಏರಲಿಲ್ಲ. ಕೈಬಿಟ್ಟೆ.

ಸ್ಲರಿ 90:5:5: ಕಾರ್ಬನ್, ಸೂಪರ್ ಪಿ (ವಿದ್ಯುತ್ ಹರಿಸುವ ಕಪ್ಪು ಪುಡಿ), ಸಿಎಂಸಿ (ನೀರಿನಲ್ಲಿ ಕರಗುವ ಅಂಟು). ನೀರೇ ದ್ರಾವಕ, ಎನ್‌ಎಂಪಿಯಂಥ ದುಬಾರಿ ದ್ರಾವಕ ಬೇಡ. ಸೋಡಿಯಂ ಅಲ್ಯುಮಿನಿಯಂ ಜತೆ ಮಿಶ್ರಲೋಹವಾಗದ ಕಾರಣ ಅಲ್ಯುಮಿನಿಯಂ ಹಾಳೆಗೇ ಬಳಿಯಬಹುದು, ತಾಮ್ರದ ಹಾಳೆಯ ಖರ್ಚೂ ಉಳಿಯಿತು. ಆದರೆ ಸಿಎಂಸಿ ತೇವ ಬಿಡುವುದಿಲ್ಲ. ವ್ಯಾಕ್ಯೂಮ್‌ನಲ್ಲಿ 110 ಡಿಗ್ರಿಗೆ ಇಡೀ ರಾತ್ರಿ ಒಣಗಿಸದಿದ್ದರೆ ಎಲೆಕ್ಟ್ರೋಲೈಟ್‌ನ ಸೋಡಿಯಂ ಲವಣವಾದ ಎನ್‌ಎಪಿಎಫ್6 ಆ ನೀರಿನಲ್ಲಿ ಒಡೆದು ಎಚ್‌ಎಫ್ (ಹೈಡ್ರೋಫ್ಲೋರಿಕ್ ಆಮ್ಲ) ಆಗುತ್ತದೆ. ಎಲೆಕ್ಟ್ರೋಲೈಟ್‌ಗೆ ಇಸಿ-ಡಿಇಸಿ ಎಂಬ ಕಾರ್ಬೊನೇಟ್ ದ್ರಾವಕದ ಬದಲು ಡೈಗ್ಲೈಮ್ ಎಂಬ ಈಥರ್ ಹಾಕಿದಾಗ ದಕ್ಷತೆ ಇನ್ನೂ ಎರಡು ಮೂರು ಅಂಕ ಮೇಲೆ ಬಂತು.

ಹಾಫ್ ಸೆಲ್‌ನಲ್ಲಿ (ಎದುರು ಎಲೆಕ್ಟ್ರೋಡ್ ಬರೀ ಸೋಡಿಯಂ ಲೋಹವಾಗಿರುವ ಪರೀಕ್ಷಾ ಸೆಲ್) 1ಸಿಗೆ, ಅಂದರೆ ಒಂದು ಗಂಟೆಯಲ್ಲಿ ಪೂರ್ತಿ ಚಾರ್ಜಾಗುವ ವೇಗಕ್ಕೆ, ಸಾಮರ್ಥ್ಯ ದಬಕ್ಕನೆ ಕುಸಿದರೆ ಕಾರ್ಬನ್ ಕೆಟ್ಟಿದೆ ಎಂದು ಎಸೆಯಬೇಡಿ. ಎದುರಿನ ಸೋಡಿಯಂ ಲೋಹದ ಪೋಲರೈಸೇಶನ್ನಿಂದಾಗಿ (ವಿದ್ಯುತ್ ಹರಿವಾಗ ಅಲ್ಲಿ ವೋಲ್ಟೇಜ್ ಬದಲಾಗುವುದು) 0.1 ವೋಲ್ಟ್ ಕೆಳಗಿನ ಪ್ಲಾಟೋ (ವೋಲ್ಟೇಜ್ ಹೆಚ್ಚುಕಡಿಮೆ ಸಮವಾಗಿರುವ ಹಂತ) ಪೂರ್ತಿಯಾಗುವ ಮೊದಲೇ ಕಟ್‌ಆಫ್ (ಪರೀಕ್ಷೆ ನಿಲ್ಲುವ ವೋಲ್ಟೇಜ್ ಮಿತಿ) ಬಂದುಬಿಡುತ್ತದೆ. ಕಾರ್ಬನ್‌ನ ವೋಲ್ಟೇಜನ್ನಷ್ಟೇ ಬೇರೆಯಾಗಿ ತೋರಿಸುವ ಮೂರು ಎಲೆಕ್ಟ್ರೋಡ್ ಸೆಲ್‌ನಲ್ಲಿ ಅಳೆದು ಆಮೇಲೆ ತೀರ್ಮಾನಿಸಿ.